ಸಲಾಕಿ ಕಟ್ಟಿದ ಕಾಲು

ನಮ್ಮ ಮನೆಯಲ್ಲಿ ತೊಗಲಿನ ಸಾಮಾನಿಗೆ ಪಡಸಾಲೆಯಿಂದ ಒಳಗೆ ಹಾದಿ ಇರಲಿಲ್ಲ. ಅಪ್ಪನ ಕೆರವು ಕಟ್ಟೆಯ ಕೆಳಗೆ, ಎತ್ತಿನ ಬಾರುಕೋಲು ದನಗಳಿಗೆ ಮೇವು ಹಾಕುವ ಗ್ವಾದಲಿಯ ಮೇಲಿನ ಗೂಟಕ್ಕೆ. ಅಲ್ಲಿಂದ ಮುಂದೆ ಅವು ಎಂದೂ ಬರಲಿಲ್ಲ. ಬೈಲಹೊಂಗಲದ ಸುತ್ತಿನ ಒಕ್ಕಲುತನದ ಮನೆಗಳಂತೆ ನಮ್ಮದೂ ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದರೆ ಎಡಕ್ಕೆ ದನಗಳು, ಬಲಕ್ಕೆ ಮೊಣಕಾಲೆತ್ತರದ ಪಡಸಾಲೆ, ಅದರಾಚೆ ನಡುಮನೆ, ಅದಕ್ಕೂ ಆಚೆ ಅಡಿಗೆಮನೆ. ಅಡಿಗೆಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಒಂದು ಬೆಳಕಿಂಡಿಯಿಂದ ಮಾತ್ರ. ಅದರ ಕೆಳಗೆ ಬೀಳುವ ಅಂಗೈಯಗಲದ ಬಿಸಿಲಿನಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮುಂಜಾನೆ ಲಿಂಗಪೂಜೆಗೆ ಕೂಡುತ್ತಿದ್ದಳು. ಅವಳು ಎದ್ದು ಒಲೆಗೆ ಉರಿ ಹಾಕುವವರೆಗೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಮಾತಾಡುವವರಾದರೂ ಎಷ್ಟು ಜನ? ನನ್ನ ತಮ್ಮ ಬಸುವನ್ನು ಹಡೆದ ಬಾಣಂತನದಲ್ಲೇ ಅವ್ವ ತೀರಿಕೊಂಡಿದ್ದಳು. ಆಮೇಲೆ ಅಪ್ಪನೂ ಮಾತು ಕಡಿಮೆ ಮಾಡಿದ್ದ. ಆಯಿ, ಅಪ್ಪ, ನಾನು, ಬಸು, ಇಷ್ಟೇ ಮನೆ. ಬಸುವನ್ನು ಆಯಿ ಆಡಿನ ಹಾಲು ಹಾಕಿ ಬದುಕಿಸಿದ್ದಳು. ಅವನು ಅತ್ತರೆ ಪೂಜೆಯ ನಡುವೆಯೂ ಅವಳ ಕೈ ನಿಂತುಬಿಡುತ್ತಿತ್ತು.

ಬಸು ಕರುಗಳ ಹಿಂದೆ ಓಡಾಡುವಷ್ಟು ದೊಡ್ಡವನಾಗಿದ್ದಾಗ ಅವನಿಗೆ ಜ್ವರ ಬಂತು. ಜ್ವರ ಬಿಟ್ಟ ಮುಂಜಾನೆ ಆಯಿ ಅವನನ್ನು ಎತ್ತಿ ನಿಲ್ಲಿಸಿದಳು. ತೊಯ್ದ ಅರಿವೆಯ ಹಾಗೆ ಅವನು ಅವಳ ಕಾಲ ಬಳಿ ಕುಸಿದುಬಿದ್ದ. ಬಲಗಾಲಿನ ಶಕ್ತಿ ತೊಡೆಯಿಂದಲೇ ಹೋಗಿತ್ತು, ಎಡಗಾಲು ಮೊಣಕಾಲ ಕೆಳಗೆ ಜೋಲುತ್ತಿತ್ತು. ಎಣ್ಣೆ ತಿಕ್ಕಿದ್ದಾಯಿತು, ಬಿಸಿ ಉಸುಕಿನಲ್ಲಿ ಕಾಲು ಹುಗಿದು ಕೂಡಿಸಿದ್ದಾಯಿತು. ಆಯಿ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಸಿರಸಂಗಿಯ ಕಾಳವ್ವನ ಗುಡಿಯ ತನಕ ನಡೆದುಹೋಗಿ ಹರಕೆ ಹೊತ್ತು ಬಂದಳು. ಕಾಲು ಏಳಲಿಲ್ಲ. ಓಡಿದ ನೆನಪು ಮಾತ್ರ ಬಸುವಿಗೆ ಹೋಗಿರಲಿಲ್ಲ. ಕರು ಎದುರಿಗೆ ಬಂದರೆ ಅವನ ಮೇಲಿನ ಮೈಯೆಲ್ಲ ಎದ್ದು ಕೆಳಗಿನ ಮೈ ಏಳುತ್ತಿರಲಿಲ್ಲ. ಆಗ ಅವನು, ಇದನ್ನು ನೀವೇ ಮಾಡಿದಿರಿ ಎನ್ನುವ ಹಾಗೆ, ನಮ್ಮ ಮುಖ ನೋಡುತ್ತಿದ್ದ.

ಸಂತೆಯಲ್ಲಿ ಯಾರೋ ಹೇಳಿದ ಮಾತು ಕೇಳಿ ಅಪ್ಪ ಅವನನ್ನು ಧಾರವಾಡದ ತನಕ ಚಕ್ಕಡಿಯಲ್ಲಿ, ಅಲ್ಲಿಂದ ರೈಲಿನಲ್ಲಿ ದೂರದ ಒಂದು ಮಿಶನರಿ ದವಾಖಾನೆಗೆ ಕರೆದುಕೊಂಡು ಹೋದ. ತಿರುಗಿ ಬಂದಾಗ ಚಕ್ಕಡಿಯಲ್ಲಿ ಬಸುವಿನ ಪಕ್ಕಕ್ಕೆ ಕಂಬಳಿಯಲ್ಲಿ ಸುತ್ತಿದ ಒಂದು ಗಂಟಿತ್ತು. ಅಪ್ಪ ಅದನ್ನು ಪಡಸಾಲೆಯ ಮೇಲೆ ಬಿಚ್ಚಿದ. ಎರಡು ಸಣ್ಣ ಬೂಟು. ಒಂದೊಂದು ಬೂಟಿನ ಎರಡೂ ಬದಿಗೆ ಮೇಲಕ್ಕೆ ಎದ್ದು ನಿಂತ ಕಬ್ಬಿಣದ ಸಲಾಕಿ, ಸಲಾಕಿಯಿಂದ ಸಲಾಕಿಗೆ ತೊಗಲಿನ ಪಟ್ಟಿ. ಎಡಗಾಲಿನದು ಮೊಣಕಾಲಿನ ತನಕ, ಬಲಗಾಲಿನದು ತೊಡೆಯ ಬುಡದ ತನಕ. ದವಾಖಾನೆಯವರು ಅದಕ್ಕೆ ಏನು ಹೆಸರು ಹೇಳಿದ್ದರೋ, ನಮ್ಮ ಮನೆಯಲ್ಲಿ ಅದು ಸಲಾಕಿ. ಮೊದಮೊದಲು ಸ್ವಲ್ಪ ಹೊತ್ತು, ಆಮೇಲೆ ಏಳುವುದರಿಂದ ಮಲಗುವ ತನಕ ಕಟ್ಟಿರಬೇಕು. ಹುಡುಗ ಬೆಳೆದ ಹಾಗೆ ಮತ್ತೆ ಬಂದು ಉದ್ದ ಮಾಡಿಸಿಕೊಂಡು ಹೋಗಬೇಕು ಎಂದು ಅವರು ಹೇಳಿ ಕಳಿಸಿದ್ದರು. ಆಯಿ ನಡುಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಹತ್ತಿರ ಬರಲಿಲ್ಲ.

"ತೊಗಲು ಅದು. ಅದನ್ನ ಕಟಗೊಂಡು ನನ್ನ ಅಡಗಿಮನಿಗೆ ಬರೂದು ಬ್ಯಾಡ."

"ಅವ್ವಾ, ಅದು ಕೆರಾ ಅಲ್ಲ. ಅವನ ಕಾಲು."

"ಕಾಲು ದೇವರು ಕೊಟ್ಟಾನ. ಇದನ್ನ ಯಾರೋ ಮಾಡ್ಯಾರ."

ಮರುದಿನ ಅಪ್ಪನೇ ಬಸುವನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಸಲಾಕಿ ಕಟ್ಟಿದ. ಬಸು ಅವನ ಮುಂಗೈ ಕಚ್ಚಿದ. ಉಸಿರು ಹಿಡಿದು ನೀಲಿಯಾಗುವ ತನಕ ಅತ್ತ. ಗೋಡೆಗೆ ಆನಿಸಿ ನಿಲ್ಲಿಸಿದರೆ ಕಟ್ಟಿಗೆಯ ಗೊಂಬೆಯಂತೆ ಮುಂದಕ್ಕೆ ಬಿದ್ದು ತುಟಿ ಒಡೆದುಕೊಂಡ. ಆಯಿ ಒಳಗಿನಿಂದ "ಬಿಚ್ಚೋ, ಬಿಚ್ಚೋ, ನನ್ನ ಕೂಸಿನ್ನ ಕೊಲ್ಲಬ್ಯಾಡೋ" ಎಂದು ಕೂಗಿದಳು, ಆದರೆ ಪಟ್ಟಿ ಮುಟ್ಟಲಾರದೆ ಬಾಗಿಲಲ್ಲೇ ನಿಂತು ಹಣೆ ಬಡಿದುಕೊಂಡಳು. ಹೀಗೆ ದಿನವೂ ನಡೆಯಿತು. ಅಪ್ಪ ಕಟ್ಟುವುದು, ಬಸು ಚೀರುವುದು, ಆಯಿ ಅಳುವುದು, ಅಪ್ಪ ಸಿಟ್ಟಿನಿಂದ ಬಿಚ್ಚಿ ಒಗೆದು ಹೊಲಕ್ಕೆ ಹೋಗುವುದು. ಮೊಣಕಾಲಿನ ಹಿಂದೆ ತೊಗಲು ತಿಕ್ಕಿ ಹುಣ್ಣಾಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಊಟ. ನಾವು ಮಕ್ಕಳು ಒಲೆಯ ಮುಂದೆ ಕೂತು, ಆಯಿ ರೊಟ್ಟಿ ಬಡಿದು ಹಂಚಿನಿಂದ ತೆಗೆದ ಹಾಗೆ ಹರಿದುಕೊಂಡು ತಿನ್ನುವವರು. ಈಗ ಬಸುವಿನ ತಾಟು ಪಡಸಾಲೆಗೆ ಬಂತು. ಎದುರಿಗೆ ಮೆಲುಕು ಹಾಕುವ ದನಗಳು, ಒಳಗೆ ರೊಟ್ಟಿಯ ಸಪ್ಪಳ, ನಮ್ಮ ಮಾತು. ಅವನು ತಾಟು ನೂಕಿ ಗೋಡೆಗೆ ಮುಖ ಮಾಡಿ ಕೂತ. ಮರುದಿನವೂ ಹಾಗೇ.

ಮೂರನೆಯ ಹೊತ್ತಿಗೆ ನಾನು ನನ್ನ ತಾಟು ಎತ್ತಿಕೊಂಡು ಹೊರಗೆ ಹೋಗಿ ಅವನ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಒಂದು ಬಿಸಿ ರೊಟ್ಟಿ, ಅದರ ಮೇಲೆ ಪುಂಡಿಪಲ್ಲೆ, ನಡುಮನೆಯ ಹೊಸ್ತಿಲ ಮೇಲೆ ಬಂದು ಕೂತಿತ್ತು. ಅಂದಿನಿಂದ ಸಲಾಕಿಯ ಕೆಲಸ ನನ್ನದಾಯಿತು. ಇದನ್ನು ಮಾಡು ಎಂದು ನನಗೆ ಯಾರೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಕಟ್ಟಿ ಮುಗಿದ ಮೇಲೆ ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡೇ ಒಳಗೆ ಬರಬೇಕು, ಅದೊಂದೇ ಆಯಿಯ ಕಟ್ಟಳೆ. ಅವ್ವನ ಒಂದು ಹಳೆಯ ಇಳಕಲ್ಲ ಸೀರೆ ಪೆಟ್ಟಿಗೆಯಲ್ಲಿತ್ತು, ಒಗೆದೊಗೆದು ಮೆತ್ತಗಾದದ್ದು. ಆಯಿಯೇ ಅದನ್ನು ಹರಿದು ಪಟ್ಟಿ ಮಾಡಿ ಕೊಟ್ಟಳು. ಅದನ್ನು ಕಾಲಿಗೆ ಸುತ್ತಿ ಮೇಲೆ ಸಲಾಕಿ ಕಟ್ಟಿದರೆ ಹುಣ್ಣಿಗೆ ತಿಕ್ಕುತ್ತಿರಲಿಲ್ಲ. ಚಳಿಗಾಲದಲ್ಲಿ ಕಬ್ಬಿಣ ಮೈಗೆ ತಾಗಿದರೆ ಬಸು ಬೆಚ್ಚಿ ಬೀಳುತ್ತಿದ್ದ. ಬಿಸಿಲು ಏರಿದ ಮೇಲೆ ಕಟ್ಟೆಯ ಮೇಲೆ ಸಲಾಕಿ ಕಾಯಿಸಿ ಆಮೇಲೆ ಕಟ್ಟುತ್ತಿದ್ದೆ. ಪಟ್ಟಿಗೆ ಕುಸುಬಿ ಎಣ್ಣೆ ತಿಕ್ಕಿದರೆ ಅದು ಮಣಿಯುತ್ತದೆ ಎಂಬುದು ಅಪ್ಪ ಎತ್ತಿನ ಹಗ್ಗಪಟ್ಟಿಗೆ ತಿಕ್ಕುವುದನ್ನು ನೋಡಿ ತಿಳಿದದ್ದು. ಅದನ್ನು ತಿಕ್ಕುತ್ತಿದ್ದಾಗಲೇ ಒಂದು ದಿನ ನನಗೆ ಇನ್ನೊಂದು ಹೊಳೆಯಿತು. ಆ ವಾರ ಅಪ್ಪ ಹೊಸ ಹೋರಿಗಳನ್ನು ನೊಗಕ್ಕೆ ಹಚ್ಚಿ ಪಳಗಿಸುತ್ತಿದ್ದ. ಬಸು ಪಡಸಾಲೆಯ ಅಂಚಿಗೆ ಕೂತು ಕಣ್ಣು ಕೀಳದೆ ನೋಡುತ್ತಿದ್ದ.

"ಬಸೂ, ಹೋರಿಗೆ ಮೊದಲ ಸಲ ನೊಗಾ ಹಾಕಿದ್ರ ಏನ ಮಾಡತೈತಿ?"

"ಒದೀತೈತಿ."

"ಆಮ್ಯಾಗ?"

"ಅಪ್ಪ ಬೆಲ್ಲಾ ತಿನಸ್ತಾನ. ಕುತಗಿ ತುರಸ್ತಾನ."

"ನಿನ್ನೂ ಎರಡ ಹೋರಿ ಅದಾವ ನೋಡು. ಒಂದು ಎಡಕ್ಕಿಂದು, ಒಂದು ಬಲಕ್ಕಿಂದು. ಇನ್ನೂ ಪಳಗಿಲ್ಲ."

ಅವನು ತನ್ನ ಕಾಲುಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ, "ಬಲಕ್ಕಿಂದು ಭಾಳ ಸೊಕ್ಕಿಂದೈತಿ" ಎಂದ. ಅಂದು ಸಲಾಕಿ ಕಟ್ಟುವಾಗ ಅಳಲಿಲ್ಲ. ಕಟ್ಟಿದ ಮೇಲೆ ಒಂದು ಚೂರು ಬೆಲ್ಲವನ್ನು ಮೊದಲು ಎಡ ಮೊಣಕಾಲಿಗೆ, ಆಮೇಲೆ ಬಲ ಮೊಣಕಾಲಿಗೆ ಮುಟ್ಟಿಸಿ ತಾನೇ ಬಾಯಿಗೆ ಹಾಕಿಕೊಂಡ. ಗ್ವಾದಲಿಯ ಅಂಚು ಹಿಡಿದು ನಿಲ್ಲುವುದನ್ನು ಕಲಿತ. ಕೈ ಬಿಡದೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುವುದನ್ನು ಕಲಿತ. ದನಗಳು ಅವನ ತಲೆ ಮೂಸಿ ಬಿಡುತ್ತಿದ್ದವು. ಬಿದ್ದರೆ ನಾನು ಎತ್ತುತ್ತಿರಲಿಲ್ಲ, ಪಕ್ಕದಲ್ಲಿ ಕೂತು "ಹೋರಿ ಏಳತಾವ, ತಡಿ" ಎನ್ನುತ್ತಿದ್ದೆ. ಆಯಿ ಒಳಗಿನಿಂದ ಕೇಳಿ ಹಲ್ಲು ಕಡಿಯುತ್ತಿದ್ದಳು. ಆ ಬೇಸಿಗೆ ಮುಗಿಯುವ ಹೊತ್ತಿಗೆ ಅವನು ಒಂದು ಕೈಯಲ್ಲಿ ನನ್ನ ಕೈ, ಇನ್ನೊಂದರಲ್ಲಿ ಅಪ್ಪನ ಹಳೆಯ ಕೋಲು ಹಿಡಿದು ಅಂಗಳ ದಾಟಿ ಬೇವಿನ ಗಿಡದ ತನಕ ಬಂದ. ಅಪ್ಪ ಹೊಲದಿಂದ ಬರುತ್ತಿದ್ದವನು ದೂರದಲ್ಲೇ ನಿಂತುಬಿಟ್ಟ. ಹತ್ತಿರ ಬಂದು ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಅವ್ವ ಸತ್ತ ಮೇಲೆ ಅವನು ಆ ರಾತ್ರಿ ಮೊದಲ ಸಲ ಎರಡನೆಯ ರೊಟ್ಟಿ ಕೇಳಿದ.

ಆದರೆ ನನ್ನ ಮದುವೆ ಬಸು ಹುಟ್ಟುವ ಮೊದಲೇ ಆಗಿಹೋಗಿತ್ತು, ರಾಮದುರ್ಗದ ಕಡೆಯ ಕಟಕೋಳಕ್ಕೆ. ನಾನು ದೊಡ್ಡವಳಾದೆನೆಂಬ ಸುದ್ದಿ ಹೋದದ್ದೇ ತಡ, ಅವರು ಕರೆಯಲು ಬಂದರು. ಹೊರಡುವ ಮುಂಜಾನೆ ಅಪ್ಪನನ್ನು ಪಕ್ಕಕ್ಕೆ ಕೂಡಿಸಿಕೊಂಡು ಪಟ್ಟಿ ಎಲ್ಲಿ ಬಿಗಿ ಮಾಡಬೇಕು, ಎಲ್ಲಿ ಸಡಿಲ ಬಿಡಬೇಕು, ಅರಿವೆ ಹೇಗೆ ಸುತ್ತಬೇಕು ಎಂದು ತೋರಿಸಿದೆ. ಅಪ್ಪ ಹೂಂಗುಟ್ಟಿದ. ಬಸುವಿಗೆ ಯಾರೂ ನಿಜ ಹೇಳಿರಲಿಲ್ಲ. ಚಕ್ಕಡಿ ಹೊರಟಾಗ ಅವನು ಆಯಿಯ ಕಂಕುಳಲ್ಲಿದ್ದ, ಸಲಾಕಿ ಇಲ್ಲದೆ. ನಾನು ಸಂಜೆಗೆ ಬರುತ್ತೇನೆಂದುಕೊಂಡು ನಗುತ್ತಿದ್ದ. ಕಟಕೋಳದಲ್ಲಿ ಅತ್ತೆಯ ಮನೆ ದೊಡ್ಡದು. ನೀರು, ಸಗಣಿ, ಬೀಸುವ ಕಲ್ಲು, ಒಂದರ ಹಿಂದೆ ಒಂದು ಕೆಲಸ. ಅದರ ನಡುವೆಯೂ ಬಿಸಿಲೇರಿದ ಹೊತ್ತಿಗೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಈಗ ಕಟ್ಟಿರಬೇಕು, ಈಗ ಬೆಲ್ಲ ಕೇಳಿರಬೇಕು ಎಂದುಕೊಳ್ಳುತ್ತಿದ್ದೆ. ಮೊದಲನೆಯ ನಾಗರಪಂಚಮಿಗೆ ಅತ್ತೆಗೆ ಜಡ್ಡಾಗಿ ತವರಿಗೆ ಕಳಿಸಲಿಲ್ಲ. ಎರಡನೆಯ ಪಂಚಮಿಗೆ ಅಪ್ಪ ಬಂದು ಕರೆದುಕೊಂಡು ಹೋದ. ಹಾದಿಯುದ್ದಕ್ಕೂ ಬಸುವಿನ ಬಗ್ಗೆ ಕೇಳಿದೆ. "ಅದಾನ, ಆರಾಮ ಅದಾನ" ಎಂದಷ್ಟೇ ಅಂದ.

ಮನೆಯ ಬಾಗಿಲಿಗೆ ಬಂದಾಗ ಬಸು ಅಂಗೈ ಊರಿ, ನೆಲದ ಮೇಲೆ ಕುಂಡಿ ಎಳೆದುಕೊಂಡು, ಎಷ್ಟು ಚುರುಕಾಗಿ ಬಂದನೆಂದರೆ ನನಗೆ ಮೊದಲು ಅರ್ಥವೇ ಆಗಲಿಲ್ಲ. "ಅಕ್ಕಾ" ಎಂದು ನನ್ನ ಸೀರೆ ಹಿಡಿದು ನಕ್ಕ. ಅವನ ಅಂಗೈ ಹಿಮ್ಮಡಿಯಷ್ಟು ಗಟ್ಟಿಯಾಗಿತ್ತು. ಸಲಾಕಿ ದನದ ಕಡೆ ಗೂಟಕ್ಕೆ ತೂಗಿತ್ತು, ತುಕ್ಕು ಹಿಡಿದು. ತಂದು ಕಟ್ಟಲು ನೋಡಿದೆ. ಅವನು ಬೆಳೆದುಬಿಟ್ಟಿದ್ದ. ಮೊಣಕಾಲಿಗೆ ಬರಬೇಕಾದ ಕೀಲು ಮೊಣಕಾಲಿನ ಕೆಳಗೆ ಎಲುಬಿಗೆ ಒತ್ತುತ್ತಿತ್ತು, ಬೂಟಿನಲ್ಲಿ ಹೆಬ್ಬೆರಳು ಮಡಚುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಬಲ ಮೊಣಕಾಲು ಮಡಚಿದಲ್ಲೇ ಗಟ್ಟಿಯಾಗಿ ಕೂತಿತ್ತು, ಎಷ್ಟು ಜಗ್ಗಿದರೂ ನೆಟ್ಟಗಾಗಲಿಲ್ಲ. ಆಯಿ ಓಡಿಬಂದು ಅವನನ್ನು ಎತ್ತಿಕೊಂಡಳು. ಅವನು ಅವಳ ಸೊಂಟಕ್ಕೆ ಭಾರವಾಗುವಷ್ಟು ದೊಡ್ಡವನು. ಎತ್ತಿಕೊಂಡು ಅವಳು ಒಂದು ಕಡೆಗೆ ವಾಲಿ ನಿಂತಳು. ಆಗ ನನಗೆ ಎಲ್ಲ ತಿಳಿಯಿತು. ಯಾರೂ ಅವನಿಗೆ ಕೇಡು ಬಯಸಿರಲಿಲ್ಲ. ನೋವಾಗುತ್ತದೆಂದು ಒಂದು ದಿನ ಬಿಟ್ಟರು, ಸಣ್ಣದಾಯಿತೆಂದು ಒಂದು ವಾರ ಬಿಟ್ಟರು, ಬಿತ್ತಿಗೆ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಉಳಿದದ್ದನ್ನೂ ಬಿಟ್ಟರು. ಅವನಿಗೆ ಬೇಕಾದಲ್ಲಿಗೆ ಹೊತ್ತು ಒಯ್ಯುವ ಆಯಿ ಇದ್ದಳು. ಒಲೆಯ ಮುಂದೆ ಮತ್ತೆ ಅವನ ತಾಟು ಬಂದಿತ್ತು. ಅವನಿಗೂ ಅದೇ ಬೇಕಿತ್ತು.

ಪಂಚಮಿಯ ಅಳ್ಳಿಟ್ಟು, ತಂಬಿಟ್ಟು ಎಲ್ಲ ಆದವು. ಓಣಿಯ ಹುಡುಗಿಯರು ಜೋಕಾಲಿಗೆ ಕರೆದರು, ನಾನು ಹೋಗಲಿಲ್ಲ. ಅಪ್ಪನಿಗೆ ಹೇಳಿದೆ: ಬಸುವನ್ನು ದವಾಖಾನೆಗೆ ಒಯ್ಯುವ ತನಕ ನಾನು ಕಟಕೋಳಕ್ಕೆ ಹೋಗುವುದಿಲ್ಲ. ಹಾಗೆ ಅನ್ನುವುದು ಎಂಥ ಮಾತೆಂದು ನನಗೆ ಗೊತ್ತಿತ್ತು. ಗಂಡನ ಮನೆಗೆ ಹೋಗಲೊಲ್ಲದ ಮಗಳು ಎಂದರೆ ಊರೆಲ್ಲ ಆಡಿಕೊಳ್ಳುತ್ತದೆ. ಅಪ್ಪ ಮೊದಲು ನಕ್ಕ, ಆಮೇಲೆ ಬೈದ, ಆಮೇಲೆ ಮಳೆಯ ನೆಪ ಹೇಳಿದ. ನಮ್ಮ ಎರೆ ಹೊಲದ ಹಾದಿ ಶ್ರಾವಣದಲ್ಲಿ ಗಾಲಿಯನ್ನು ನುಂಗುವುದು ನಿಜ. ಅಷ್ಟರಲ್ಲಿ ನನ್ನನ್ನು ಕರೆದೊಯ್ಯಲು ನಮ್ಮ ಮನೆಯವರು, ಅಂದರೆ ನನ್ನ ಗಂಡ, ಬಂದರು. ಮೀಸೆ ಮೂಡುವ ವಯಸ್ಸು, ನನ್ನೊಡನೆ ಅದುವರೆಗೆ ನೆಟ್ಟಗೆ ನಾಲ್ಕು ಮಾತು ಆಡಿದವರಲ್ಲ. ಅವರ ಎದುರಿಗೇ ಜಗಳ ನಡೆಯಿತು. ಅಪ್ಪ ಕೈ ಎತ್ತಿದ. ಆಯಿ ಬಸುವನ್ನು ಅಪ್ಪಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು.

"ಯಾಕವ್ವಾ ನಿನಗ ಈ ಹಟಾ? ಅವಗೇನ ಕಡಿಮಿ ಆಗೇತಿ ನನ್ನ ಕಡೆ? ನಾ ಹೊರತೇನಿ ನನ್ನ ಕೂಸಿನ್ನ."

"ನೀ ಇರೂತನಕಾ ಹೊರತಿ ಆಯಿ. ಆಮ್ಯಾಗ ಯಾರ ಹೊರತಾರ?"

ಆಯಿ ಬಸುವಿನ ಮಡಚಿದ ಮೊಣಕಾಲಿನ ಮೇಲೆ ಸೆರಗು ಎಳೆದಳು. ಅಪ್ಪ ಮಳೆಯ ಮಾತನ್ನೇ ಮತ್ತೆ ತೆಗೆದ. ಆಗ ನಮ್ಮ ಮನೆಯವರು ನೆಲ ನೋಡುತ್ತಲೇ ಹೇಳಿದರು:

"ಕಟಕೋಳದಿಂದ ಇಲ್ಲೀತನಕಾ ಬಂದೇತ್ರಿ ಮಾವಾರ ನಮ್ಮ ಚಕ್ಕಡಿ. ಧಾರವಾಡಕ್ಕೂ ಹೋಗತೈತಿ."

ಮರುದಿನ ಬೆಳಗಾಗುವಾಗ ಎತ್ತು ಹೂಡಿದರು. ನಾನು ಬಸುವನ್ನು ಎತ್ತಿ ಕೂಡಿಸುವಾಗ ಆಯಿ ಒಳಗಿನಿಂದ ಬಂದಳು. ತಲೆಯ ಮೇಲೆ ಜೋಳದ ಹಿಟ್ಟಿನ ಗಂಟು, ಕೈಯಲ್ಲಿ ಹಂಚು, ಕೊರಳಲ್ಲಿ ಲಿಂಗ. ಯಾರನ್ನೂ ಕೇಳದೆ ಚಕ್ಕಡಿ ಹತ್ತಿದಳು. "ಅವ ಎಲ್ಲೋ ನಾ ಅಲ್ಲೇ" ಎಂದಳು. ಹಾದಿಯಲ್ಲಿ ಗಾಲಿ ಹುಗಿದಲ್ಲೆಲ್ಲ ಗಂಡಸರಿಬ್ಬರೂ ಇಳಿದು ತಳ್ಳಿದರು. ಧಾರವಾಡದ ಸ್ಟೇಶನ್ನಿನಲ್ಲಿ ರೈಲು ಬಂದಾಗ ಆಯಿ ಹೆದರಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅಷ್ಟು ತಣ್ಣಗಿನ ಕೈ. ಅಪ್ಪ ಬಸುವನ್ನು ಹೊತ್ತು ಹತ್ತಿದ, ಹಿಂದೆ ಆಯಿ ಹತ್ತಿದಳು. ನಾನೂ ನಮ್ಮ ಮನೆಯವರೂ ಚಕ್ಕಡಿಯ ಹತ್ತಿರ ಉಳಿದೆವು. ಕಿಟಕಿಯಲ್ಲಿ ಆಯಿಯ ಮುಖ ಕಂಡಿತು. ಅವಳು ನನ್ನನ್ನಲ್ಲ, ಎತ್ತುಗಳನ್ನು ನೋಡುತ್ತಿದ್ದಳು.

ಅಪ್ಪ ಅವರಿಬ್ಬರನ್ನು ಅಲ್ಲಿ ಬಿಟ್ಟು ಬೇಸಾಯಕ್ಕೆ ತಿರುಗಿ ಬಂದ. ಮೊಣಕಾಲು ನೆಟ್ಟಗಾಗಲು ತಿಂಗಳುಗಟ್ಟಲೆ ಬೇಕೆಂದಿದ್ದರಂತೆ. ದೀಪಾವಳಿ ದಾಟಿದ ಮೇಲೆ ಕರೆದುಕೊಂಡು ಬರುತ್ತಾನೆಂದು ಸುದ್ದಿ ಬಂತು. ನಮ್ಮ ಮನೆಯವರು ಅತ್ತೆಯನ್ನು ಒಪ್ಪಿಸಿ ನನ್ನನ್ನು ತವರಿಗೆ ಕಳಿಸಿದರು. ಅಪ್ಪ ಅವರನ್ನು ಕರೆತರಲು ಹೋದಾಗ ಮುಚ್ಚಿದ್ದ ಮನೆ ತೆರೆದು ಸಗಣಿ ಸಾರಿಸಿದೆ, ಆಯಿಗೆ ಇಷ್ಟವೆಂದು ಸಜ್ಜಕ ಮಾಡಿಟ್ಟೆ. ಹೊತ್ತು ಇಳಿಯುವಾಗ ಚಕ್ಕಡಿ ಬಂತು. ಅಪ್ಪ ಇಳಿದು ಬಸುವಿಗೆ ಕೈ ಕೊಡಲು ಹೋದ. ಬಸು ಕೈ ಹಿಡಿಯದೆ, ಚಕ್ಕಡಿಯ ಹಲಗೆ ಹಿಡಿದು ತಾನೇ ಜಾರಿ ಇಳಿದ. ಹೊಸ ಸಲಾಕಿ. ಕಂಕುಳಿಗೊಂದು ಕೋಲು. ಒಂದೊಂದೇ ಹೆಜ್ಜೆ ಎತ್ತಿಟ್ಟು ನನ್ನ ಕಡೆಗೆ ಬಂದ. ಬಲಗಾಲು ನೆಟ್ಟಗಿತ್ತು. ನಾನು ಅವನ ಹಿಂದೆ ಚಕ್ಕಡಿಯಲ್ಲಿ ನೋಡಿದೆ. ಗಂಟಿತ್ತು, ಹಂಚಿತ್ತು.

"ಆಯಿ ಎಲ್ಲಿ?"

ಅಪ್ಪ ನೊಗದ ಹಗ್ಗ ಬಿಚ್ಚುವುದರಲ್ಲಿ ಮುಖ ಮರೆಸಿಕೊಂಡ. ಬಸುವೇ ಹೇಳಿದ:

"ಆಯಿ ಬರೂದಿಲ್ಲ ಅಕ್ಕಾ. ಅಲ್ಲೇ ಮಣ್ಣ ಮಾಡ್ಯಾರ."

ಚಳಿಜ್ವರ ಬಂದು ಸತ್ತಿದ್ದಳು, ಅಪ್ಪ ಅಲ್ಲಿಗೆ ಮುಟ್ಟುವ ಕೆಲವು ದಿನ ಮೊದಲು. ದವಾಖಾನೆಯವರೇ ಹತ್ತಿರದ ಊರಿನ ಜಂಗಮರನ್ನು ಕರೆಸಿ ಮಣ್ಣು ಕೊಡಿಸಿದ್ದರು. ಉಳಿದದ್ದನ್ನು ಬಸು ಸ್ವಲ್ಪಸ್ವಲ್ಪವಾಗಿ ಹೇಳಿದ. ಕಾಲಿಗೆ ಭಾರ ಕಟ್ಟಿ ಮಂಚದಿಂದ ಇಳಿಬಿಟ್ಟಿದ್ದರಂತೆ. ಅವನು ಅತ್ತರೆ ಆಯಿ ಹೊರಗಿನ ಗಿಡದ ಕೆಳಗಿನಿಂದ, ತಾನು ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುವಲ್ಲಿಂದ, ಕೂಗಿ ಮಾತಾಡುತ್ತಿದ್ದಳಂತೆ. ದವಾಖಾನೆಯ ಅನ್ನ ಅವಳು ಒಂದು ದಿನವೂ ಮುಟ್ಟಲಿಲ್ಲ. ಹೊಸ ಸಲಾಕಿ ಬಂದಾಗ ಅಲ್ಲಿಯ ನರ್ಸ್ ಬಾಯಿಯವರು ಕಟ್ಟುವುದನ್ನು ಅವಳಿಗೆ ತೋರಿಸಿದರು. ಮೊದಲ ದಿನ ಸೆರಗನ್ನು ಕೈಗೆ ಸುತ್ತಿಕೊಂಡು ಕಟ್ಟಿದಳು. ಪಟ್ಟಿ ಜಾರಿ ಬಸು ಬಿದ್ದ. ಮರುದಿನದಿಂದ ಬರಿಗೈಯಲ್ಲಿ ಕಟ್ಟಿದಳು. ಅವಳು ಬಾರದ ಮುಂಜಾನೆ ಬಸು ಮಂಚದ ಮೇಲೆ ಬಹಳ ಹೊತ್ತು ಕಾಯ್ದು, ಕರೆದು, ಕಡೆಗೆ ತಾನೇ ಸಲಾಕಿ ಕಟ್ಟಿಕೊಂಡು ಅವಳನ್ನು ಹುಡುಕಲು ಹೋಗಿದ್ದ. ಗಿಡದ ಕೆಳಗೆ ಅವಳು ಕಂಬಳಿ ಹೊದ್ದು ಮಲಗಿದ್ದಳು. "ಆಯಿ, ನೋಡು, ನಾ ಒಬ್ಬನ ಬಂದೆ" ಎಂದನಂತೆ. ಅವಳು ಕಣ್ಣು ತೆರೆದು ನೋಡಿದಳೋ ಇಲ್ಲವೋ, ನಾನು ಎಷ್ಟು ಸಲ ಕೇಳಿದರೂ ಅವನು ಹೇಳಲಿಲ್ಲ.

ಆಯಿಯ ಹೆಸರಿನಲ್ಲಿ ಜಂಗಮರಿಗೆ ಊಟ ಹಾಕಿ ನಾಲ್ಕಾರು ದಿನ ಇದ್ದೆ. ಮುಂಜಾನೆ ನಾನು ಸಲಾಕಿ ಕೈಗೆ ತೆಗೆದುಕೊಂಡರೆ ಬಸು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಳ್ಳುತ್ತಿದ್ದ. "ನಾನ ಕಟಗೋತೇನಿ." ಅವನ ಮುಖ ಮಕ್ಕಳ ಮುಖವಾಗಿ ಉಳಿದಿರಲಿಲ್ಲ. ಕಟ್ಟಿಕೊಂಡು ಒಲೆಯ ತನಕ ನಡೆದು ಬಂದು, ಕೋಲು ಗೋಡೆಗೆ ಆನಿಸಿ, ಕಾಲು ನೀಡಿ ಕೂತು, ನಾನು ಬಡಿದ ರೊಟ್ಟಿ ತಿನ್ನುತ್ತಿದ್ದ. ನನ್ನ ರೊಟ್ಟಿ ದಪ್ಪವಾಗುತ್ತಿತ್ತು. ಅವನೂ ಅಪ್ಪನೂ ಅದನ್ನೇ ತಿಂದು ಏಳುತ್ತಿದ್ದರು.

ಕಟಕೋಳಕ್ಕೆ ಹೊರಟ ದಿನ ಬಸು ಚಕ್ಕಡಿಯ ಗಾಲಿಯ ಪಕ್ಕದಲ್ಲೇ ನಡೆದು ಬಂದ. ಎತ್ತುಗಳನ್ನು ನಿಧಾನ ಮಾಡಿರೆಂದು ನಾನು ಹೇಳಬೇಕಾಗಲಿಲ್ಲ, ನಮ್ಮ ಮನೆಯವರು ತಾವೇ ಹಗ್ಗ ಹಿಡಿದಿದ್ದರು. ಊರಿನ ಅಗಸಿ ಬಾಗಿಲು ದಾಟಿ ಹಳ್ಳದ ದಂಡೆಗೆ ಬಂದಾಗ ಅವನು ನಿಂತ. ಮುಖದ ಮೇಲೆ ಬೆವರಿತ್ತು. ಚಕ್ಕಡಿ ಹತ್ತು, ತಿರುಗಿ ಮನೆಯ ತನಕ ಬಿಟ್ಟು ಬರುತ್ತೇವೆ ಎಂದೆ. ಬೇಡವೆಂದು ತಲೆಯಾಡಿಸಿದ.

"ಅಪ್ಪ ಒಬ್ಬನ ಅದಾನ. ಹೋಗತೇನಿ."

ತಿರುಗಲು ಅವನಿಗೆ ಹೊತ್ತು ಹಿಡಿಯಿತು. ಕೋಲು ಊರಿ, ಒಂದು ಕಾಲು ಸರಿಸಿ, ಆಮೇಲೆ ಇನ್ನೊಂದು. ನಮ್ಮ ಚಕ್ಕಡಿ ಹಳ್ಳ ಇಳಿದು ಆಚೆ ದಂಡೆ ಏರಿತು. ನಾನು ಹಿಂದಕ್ಕೆ ಮುಖ ಮಾಡಿ ಕೂತಿದ್ದೆ. ಎರೆ ಹೊಲಗಳ ನಡುವಿನ ಹಾದಿಯಲ್ಲಿ ಅವನ ಬೆನ್ನು ಒಂದು ಕಡೆಗೆ ವಾಲಿ, ಎದ್ದು, ಮತ್ತೆ ವಾಲಿ ಸಾಗುತ್ತಿತ್ತು. ಅಕ್ಕಪಕ್ಕ ಯಾರೂ ಇರಲಿಲ್ಲ. ಒಮ್ಮೆ ಎಡವಿದ. ನನ್ನ ಕೈ ತಾನೇ ಮುಂದೆ ಹೋಯಿತು. ಅವನು ಬೀಳಲಿಲ್ಲ. ಸ್ವಲ್ಪ ನಿಂತು, ಬಗ್ಗಿ ಪಟ್ಟಿಯನ್ನು ಬಿಗಿ ಮಾಡಿಕೊಂಡು, ಅಗಸಿಯ ಒಳಗೆ ಹೋದ.